ಒಳಾಂಗಣ ಮಾದರಿ ವಿಮಾನಗಳಿಗೆ ಹಗುರ ಚಕ್ರಗಳು

ಕಟ್ಟಡದೊಳಗೆ, ಗಾಳಿ ಅಲುಗದ ಜಾಗದಲ್ಲಿ ಹಾರಿಸುವುದಕ್ಕೆಂದೇ ಕಟ್ಟುವ ಪುಟ್ಟ ವಿಮಾನಗಳನ್ನು ಒಳಾಂಗಣ ಮಾದರಿಗಳು ಎನ್ನುತ್ತಾರೆ. ಇವುಗಳಲ್ಲಿ ಹೆಚ್ಚಿನವು ತಿರುಚಿದ ರಬ್ಬರ್ ಎಳೆಯ ಬಲದಿಂದ ಹಾರುತ್ತವೆ. ಫ್ರಾನ್ಸಿನ ಅಲ್ಫೋನ್ಸ್ ಪೆನೊ 1871ರಲ್ಲಿ ಪ್ಯಾರಿಸ್ಸಿನ ಟ್ಯುಲೆರಿ ಉದ್ಯಾನದಲ್ಲಿ ಹಾರಿಸಿ ತೋರಿಸಿದ ವಿದ್ಯೆಯೇ ಇಂದಿಗೂ ನಡೆದುಬಂದಿದೆ. ವಾಯುನೌಕೆಗಳಿಗಾಗಿ ಕಟ್ಟಿದ ಇಂಗ್ಲೆಂಡಿನ ಕಾರ್ಡಿಂಗ್ಟನ್ ಶೆಡ್ಡುಗಳು, ಅಮೆರಿಕದ ಲೇಕ್‌ಹರ್ಸ್ಟ್ ಹ್ಯಾಂಗರ್, ರೊಮೇನಿಯಾದ ಸ್ಲಾನಿಕ್ ಉಪ್ಪಿನ ಗಣಿ ಈ ಹವ್ಯಾಸಿಗಳ ಪಾಲಿಗೆ ಹೆಸರಾಂತ ತಾಣಗಳು. ಸಾಮಾನ್ಯ ಹಾರಾಟಕ್ಕೆ ಶಾಲೆಯ ಸಭಾಂಗಣವೋ ಬ್ಯಾಡ್ಮಿಂಟನ್ ಅಂಕಣವೋ ಇದ್ದರೆ ಸಾಕು. ಫ್ಯಾನು ಆರಿಸಿ, ಕಿಟಕಿ ಮುಚ್ಚಿದರಾಯಿತು.

ಇಂಥ ವಿಮಾನದ ರೆಕ್ಕೆ, ಬಾಲ, ಪ್ರೊಪೆಲ್ಲರ್ ಕುರಿತು ಬೇಕಾದಷ್ಟು ಬರೆದವರಿದ್ದಾರೆ. ಚಕ್ರದ ಮಾತು ಬಂದಾಗ ಮಾತ್ರ ಪೆಟ್ಟಿಗೆಯಲ್ಲಿ ಸಿಕ್ಕಿದ ಪ್ಲಾಸ್ಟಿಕ್ ಗಾಲಿಯನ್ನು ಸಿಕ್ಕಿಸಿ ಮುಂದಕ್ಕೆ ಹೋಗುವವರೇ ಹೆಚ್ಚು. ಅಲ್ಲಿಯೇ ವಿಮಾನ ಭಾರವಾಗುತ್ತದೆ.

ಚಕ್ರ ಯಾವ ಮಾದರಿಗೆ ಬೇಕು

ಬರೀ ಹೊತ್ತು ಗಳಿಸಲು ಹಾರುವ ಮಾದರಿಗಳಿಗೆ ಚಕ್ರವೇ ಇರುವುದಿಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಯ ಎಫ್1ಡಿ ವರ್ಗದ ವಿಮಾನದ ರೆಕ್ಕೆ 55 ಸೆಂಟಿಮೀಟರಿನವರೆಗೆ ಚಾಚಿದ್ದರೂ ರಬ್ಬರ್ ಬಿಟ್ಟು ಅದರ ಕನಿಷ್ಠ ತೂಕ 1.4 ಗ್ರಾಂ ಮಾತ್ರ. ಕೈಯಿಂದ ಬಿಟ್ಟರೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ತೇಲುತ್ತಿರುವ ಅದಕ್ಕೆ ನೆಲದ ಹಂಗಿಲ್ಲ.

ನಿಜವಾದ ವಿಮಾನವೊಂದರ ಪ್ರತಿರೂಪವಾಗಿ ಕಟ್ಟುವ ಮಾದರಿಗಳ ಕಥೆ ಬೇರೆ. ಇವುಗಳಲ್ಲಿ ಜನಪ್ರಿಯವಾದದ್ದು ಪೀನಟ್ ಸ್ಕೇಲ್. 1960ರ ದಶಕದಲ್ಲಿ ಅಮೆರಿಕದ ಕನೆಕ್ಟಿಕಟ್ ಹವ್ಯಾಸಿಗಳು ಶುರುಮಾಡಿದ ವರ್ಗ ಇದು. ರೆಕ್ಕೆಯ ಚಾಚು 13 ಇಂಚು, ಅಂದರೆ 33 ಸೆಂಟಿಮೀಟರ್ ಮೀರಬಾರದು. ಇದಕ್ಕಿಂತಲೂ ಚಿಕ್ಕದು 8 ಇಂಚಿನ ಪಿಸ್ತಾಶಿಯೊ. ಮೂಲ ವಿಮಾನಕ್ಕೆ ಚಕ್ರಗಳು ಹೊರಗೆ ಕಾಣುತ್ತಿದ್ದರೆ ಮಾದರಿಯಲ್ಲಿಯೂ ಕಾಣಬೇಕು, ಅಳತೆಯೂ ಹೊಂದಬೇಕು. ತೀರ್ಪುಗಾರರು ಮೇಜಿನ ಮೇಲಿಟ್ಟು ನೋಡುವಾಗ ಅವರ ಕಣ್ಣು ಬೀಳುವ ಜಾಗಗಳಲ್ಲಿ ಚಕ್ರವೂ ಒಂದು.

ಅಳತೆಯ ಲೆಕ್ಕ ಸರಳ. ಮೊದಲ ಮಹಾಯುದ್ಧದ ಸಾಪ್ವಿತ್ ಕ್ಯಾಮೆಲ್ ವಿಮಾನದ ರೆಕ್ಕೆ 28 ಅಡಿ, ಸುಮಾರು 8.53 ಮೀಟರ್. ಅದನ್ನು 33 ಸೆಂಟಿಮೀಟರಿಗೆ ಇಳಿಸಿದರೆ ಮಾದರಿಯು ಮೂಲದ ಇಪ್ಪತ್ತಾರನೇ ಒಂದು ಭಾಗ. 700 ಮಿಲಿಮೀಟರ್ ವ್ಯಾಸದ ಚಕ್ರ 27 ಮಿಲಿಮೀಟರಿಗೆ ಇಳಿಯುತ್ತದೆ, ಟೈರಿನ ದಪ್ಪ ಹತ್ತಿರ ಹತ್ತಿರ 3 ಮಿಲಿಮೀಟರ್. ಆ ಕಾಲದ ವಿಮಾನಗಳು ಹುಲ್ಲುಗಾವಲಿನಿಂದ ಏರಿ ಹುಲ್ಲುಗಾವಲಿಗೇ ಇಳಿಯುತ್ತಿದ್ದುದರಿಂದ ಅವುಗಳ ಚಕ್ರ ದೊಡ್ಡದಾಗಿರುತ್ತಿತ್ತು. ಹಾಗಾಗಿ ಹಳೆಯ ವಿಮಾನವನ್ನು ಆರಿಸಿಕೊಂಡವರಿಗೆ ಚಕ್ರದ ತೂಕದ ಚಿಂತೆ ಹೆಚ್ಚು.

ತೂಕದ ಲೆಕ್ಕ

ಚೆನ್ನಾಗಿ ಕಟ್ಟಿದ ಪೀನಟ್ ಮಾದರಿ ರಬ್ಬರ್ ಬಿಟ್ಟು ಹತ್ತು ಗ್ರಾಮಿನೊಳಗೆ ಇರುತ್ತದೆ. ನುರಿತವರ ಕೈಯಲ್ಲಿ ಇನ್ನೂ ಕಡಿಮೆಯಾಗುತ್ತದೆ. ಇದಕ್ಕೆ ಮೇಲೆ ಹೇಳಿದ ಕ್ಯಾಮೆಲ್ ಚಕ್ರವನ್ನು ಜೋಡಿಸಿ ನೋಡೋಣ. 27 ಮಿಲಿಮೀಟರ್ ವ್ಯಾಸ, 3 ಮಿಲಿಮೀಟರ್ ದಪ್ಪದ ಬಿಲ್ಲೆಯ ಗಾತ್ರ ಸುಮಾರು 1.7 ಘನ ಸೆಂಟಿಮೀಟರ್. ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮಾಡಿದರೆ ಒಂದೊಂದು ಚಕ್ರವೂ 1.7 ಗ್ರಾಮಿನ ಆಸುಪಾಸು, ಜೋಡಿ 3.4 ಗ್ರಾಂ. ಇಡೀ ವಿಮಾನದ ಮೂರನೇ ಒಂದು ಪಾಲು ತೂಕ ಬರೀ ಗಾಲಿಯಲ್ಲಿಯೇ ಹೋಯಿತು. ಘನ ಸೆಂಟಿಮೀಟರಿಗೆ 0.1 ಗ್ರಾಂ ತೂಗುವ ಬಾಲ್ಸಾದಲ್ಲಿ ಮಾಡಿದರೆ ಜೋಡಿ 0.34 ಗ್ರಾಂ. ಅದರ ಮೂರನೇ ಒಂದರಷ್ಟು ಸಾಂದ್ರತೆಯ ಫೋಮ್‌ನಲ್ಲಿ ಮಾಡಿದರೆ ಜೋಡಿ 0.1 ಗ್ರಾಂ.

ವಿಮಾನವನ್ನು ಒಂದೇ ಎತ್ತರದಲ್ಲಿ ಹಾರಿಸಿಕೊಂಡಿರಲು ಬೇಕಾದ ಶಕ್ತಿ ತೂಕಕ್ಕಿಂತ ವೇಗವಾಗಿ ಏರುತ್ತದೆ. ತೂಕ ಹೆಚ್ಚಿದರೆ ರೆಕ್ಕೆ ಅದನ್ನು ಹೊರಲು ವಿಮಾನ ಬೇಗ ಹಾರಬೇಕು, ಬೇಗ ಹಾರಿದಷ್ಟೂ ಸೆಕೆಂಡಿಗೆ ಖರ್ಚಾಗುವ ಶಕ್ತಿ ಹೆಚ್ಚು. ಅದೇ ರೆಕ್ಕೆ, ಅದೇ ಆಕಾರ ಇಟ್ಟುಕೊಂಡು ತೂಕ ಶೇ 10 ಏರಿದರೆ ಬೇಕಾದ ಶಕ್ತಿ ಶೇ 15ರಷ್ಟು ಏರುತ್ತದೆ. ತೆಳು ರಬ್ಬರಿಗೆ ಬದಲು ದಪ್ಪ ರಬ್ಬರ್ ಹಾಕಬೇಕಾಗುತ್ತದೆ. ದಪ್ಪ ರಬ್ಬರ್ ಕಡಿಮೆ ಸುತ್ತು ತಡೆಯುತ್ತದೆ, ತಾನೂ ತೂಕ ಸೇರಿಸುತ್ತದೆ. ಒಂದೆರಡು ನಿಮಿಷ ಹಾರಬೇಕಾದದ್ದು ಅರ್ಧ ನಿಮಿಷಕ್ಕೇ ನೆಲ ಮುಟ್ಟುತ್ತದೆ.

ಚಕ್ರದ ತೂಕ ಇನ್ನೊಂದು ದಾರಿಯಲ್ಲಿಯೂ ದುಬಾರಿಯಾಗುತ್ತದೆ. ಚಕ್ರ ಹೊರುವ ಕಾಲುಗಳು ಸ್ಪ್ರಿಂಗಿನಂಥ ಉಕ್ಕಿನ ತಂತಿಯವು. ವಿಮಾನ ನೆಲಕ್ಕೆ ತಾಗಿದಾಗ ಭಾರದ ಚಕ್ರ ತಂತಿಯನ್ನು ಹಿಂದಕ್ಕೆ ಎಳೆದು ಬಗ್ಗಿಸುತ್ತದೆ. ಅದಕ್ಕೆ ದಪ್ಪ ತಂತಿ ಬೇಕಾಗುತ್ತದೆ. 0.5 ಮಿಲಿಮೀಟರ್ ತಂತಿ ಮೀಟರಿಗೆ ಒಂದೂವರೆ ಗ್ರಾಂ ತೂಗಿದರೆ 0.4 ಮಿಲಿಮೀಟರ್ ತಂತಿ ಒಂದು ಗ್ರಾಂ ತೂಗುತ್ತದೆ. ತಂತಿಯ ಬಿಗಿತ ಮಾತ್ರ ಅದರ ವ್ಯಾಸದ ನಾಲ್ಕನೇ ಘಾತದಂತೆ ಬದಲಾಗುವುದರಿಂದ, ಈ ಸಣ್ಣ ಇಳಿಕೆಯಲ್ಲಿ ಬಿಗಿತ ಶೇ 40ರ ಹತ್ತಿರಕ್ಕೆ ಕುಸಿಯುತ್ತದೆ. ಚಕ್ರ ಹಗುರವಾಗಿದ್ದರೆ ಆ ಸಣಕಲು ತಂತಿಯೇ ಸಾಕು. ಚಕ್ರದಲ್ಲಿ ಉಳಿಸಿದ ತೂಕ ಕಾಲಿನಲ್ಲಿಯೂ ಒಂದಿಷ್ಟು ಉಳಿತಾಯ ತರುತ್ತದೆ ಎಂಬುದನ್ನು ಹೊಸಬರು ಗಮನಿಸುವುದೇ ಇಲ್ಲ.

ಇಷ್ಟಕ್ಕೆಲ್ಲ 0.01 ಗ್ರಾಂ ತೋರಿಸುವ ಜೇಬು ತಕ್ಕಡಿ ಬೇಕೇ ಬೇಕು. ಆಭರಣ ತೂಗುವವರು ಬಳಸುವ ಬಗೆಯದು, ದುಬಾರಿಯೇನಲ್ಲ. ಒಂದು ಬಿಲ್ಲೆ ತಕ್ಕಡಿಗೆ ಸಿಗದಷ್ಟು ಹಗುರವಾದರೆ ಹತ್ತು ಬಿಲ್ಲೆ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಬಹುದು.

ಕೇಲಿ ಕಂಡ ಚಕ್ರ

ಹಗುರ ಚಕ್ರದ ಹುಡುಕಾಟ ವಿಮಾನಕ್ಕಿಂತಲೂ ಹಳೆಯದು. ಸೈಕಲ್ಲಿನಲ್ಲಿ ನಾವು ಕಾಣುವ, ಸಣ್ಣ ತಂತಿಗಳು ಎಳೆದು ಹಿಡಿದ ಚಕ್ರದ ಕಲ್ಪನೆಯನ್ನು 1808ರಲ್ಲಿಯೇ ಬರೆದಿಟ್ಟವನು ಇಂಗ್ಲೆಂಡಿನ ಯಾರ್ಕ್‌ಷೈರಿನ ಸರ್ ಜಾರ್ಜ್ ಕೇಲಿ. ಅವನಿಗೆ ಬೇಕಿದ್ದದ್ದು ತಾನು ಯೋಚಿಸುತ್ತಿದ್ದ ಹಾರುವ ಯಂತ್ರಕ್ಕೆ ಹೊರೆಯಾಗದ ಗಾಲಿ. ಎತ್ತಿನ ಗಾಡಿಯ ಮರದ ಚಕ್ರದಲ್ಲಿ ಭಾರವೆಲ್ಲ ಕೆಳಗಿನ ಕಡ್ಡಿಯ ಮೇಲೆ ಒತ್ತುತ್ತದೆ, ಆದ್ದರಿಂದ ಕಡ್ಡಿ ದಪ್ಪವಿರಬೇಕು. ಕೇಲಿಯ ಚಕ್ರದಲ್ಲಿ ಎಲ್ಲ ಕಡ್ಡಿಗಳೂ ಮೊದಲೇ ಬಿಗಿಯಾಗಿ ಎಳೆದುಕೊಂಡಿರುತ್ತವೆ, ನಡುವಿನ ಹಬ್ ಅವುಗಳಿಗೆ ತೂಗುಬಿದ್ದಂತೆ ನಿಲ್ಲುತ್ತದೆ. ಎಳೆತಕ್ಕೆ ದಪ್ಪ ಬೇಡ, ದಾರವೂ ಸಾಕು. ಮಾದರಿ ವಿಮಾನದ ದಾರದ ಚಕ್ರ ನಿಂತಿರುವುದು ಇದೇ ತತ್ವದ ಮೇಲೆ. ಅದನ್ನು ಮುಂದೆ ನೋಡೋಣ.

ಫೋಮ್ ಚಕ್ರ

ಮೊದಲ ಬಾರಿ ಮಾಡುವವರಿಗೆ ನಾನು ಹೇಳುವುದು ಫೋಮ್ ಚಕ್ರವನ್ನೇ. ಬೇಗ ಆಗುತ್ತದೆ, ಕೆಟ್ಟರೆ ಇನ್ನೊಂದು ಮಾಡಿಕೊಳ್ಳಬಹುದು, ತೂಕದಲ್ಲಿ ಅದನ್ನು ಮೀರಿಸುವುದು ಕಷ್ಟ.

ಎಲ್ಲ ಫೋಮ್ ಒಂದೇ ಅಲ್ಲ. ಟಿವಿ, ಫ್ರಿಜ್ಜಿನ ಪೆಟ್ಟಿಗೆಯಲ್ಲಿ ಬರುವ ಥರ್ಮೋಕೋಲ್ ತುಂಬ ಹಗುರ, ಆದರೆ ಕಾಳುಕಾಳಾಗಿ ಉದುರುತ್ತದೆ. ಸಣ್ಣ ಚಕ್ರದ ಅಂಚಿನಲ್ಲಿ ಒಂದು ಕಾಳು ಹೋದರೂ ಅದು ಹಲ್ಲು ಬಿದ್ದಂತೆ ಕಾಣುತ್ತದೆ. ಕಾಳಿಲ್ಲದೆ ಒಂದೇ ಹದದಲ್ಲಿರುವ, ಕಟ್ಟಡಗಳ ಚಾವಣಿಗೆ ಬಿಸಿಲು ತಡೆಯಲು ಹಾಸುವ ನೀಲಿ ಅಥವಾ ಗುಲಾಬಿ ಬಣ್ಣದ ಹಲಗೆ ಇದಕ್ಕಿಂತ ಒಳ್ಳೆಯದು. ಘನ ಸೆಂಟಿಮೀಟರಿಗೆ 0.03 ಗ್ರಾಮಿನ ಆಸುಪಾಸು ತೂಗುತ್ತದೆ, ಚೂಪಾದ ಬ್ಲೇಡಿಗೆ ನಯವಾಗಿ ಕೊಯ್ಯುತ್ತದೆ. ಬೋರ್ಡು ಬರೆಯುವ ಅಂಗಡಿಗಳಲ್ಲಿ ಸಿಗುವ ಸನ್‌ಬೋರ್ಡ್ ನೋಡಲು ಇದೇ ಜಾತಿಯಂತೆ ಕಂಡರೂ ಮೋಸಹೋಗಬಾರದು. ಅದು ಪಿವಿಸಿ ಫೋಮ್, ಇದರ ಹತ್ತುಪಟ್ಟಿಗೂ ಹೆಚ್ಚು ಭಾರ.

ಬಿಲ್ಲೆ ಕತ್ತರಿಸಲು ಕತ್ತರಿ ಬೇಡ. ಬೇಕಾದ ವ್ಯಾಸದ ತೆಳು ಲೋಹದ ಕೊಳವೆಯೊಂದರ ಬಾಯನ್ನು ಒಳಗಿನಿಂದ ಅರದಿಂದ ಉಜ್ಜಿ ಹರಿತ ಮಾಡಿಕೊಳ್ಳಬೇಕು. ಹಳೆಯ ರೇಡಿಯೊದ ಆಂಟೆನಾದ ಕೊಳವೆಗಳು ಚಿಕ್ಕ ಚಕ್ರಗಳಿಗೆ ಹೇಳಿಮಾಡಿಸಿದಂತಿವೆ. ಕೊಳವೆಯನ್ನು ನೇರ ಒತ್ತಿದರೆ ಫೋಮ್ ಕುಗ್ಗಿ, ಬಿಲ್ಲೆಯ ಅಂಚು ಓರೆಯಾಗುತ್ತದೆ. ಬೆರಳ ನಡುವೆ ಹಿಂದೆ ಮುಂದೆ ತಿರುಗಿಸುತ್ತ, ತನ್ನ ಭಾರಕ್ಕೇ ಇಳಿಯುವಂತೆ ಬಿಡಬೇಕು. ದೊಡ್ಡ ಬಿಲ್ಲೆಗೆ ಕೈವಾರದ ಪೆನ್ಸಿಲ್ ಜಾಗದಲ್ಲಿ ಬ್ಲೇಡಿನ ಚೂರು ಕಟ್ಟಿ, ಒಂದೇ ಸಲಕ್ಕೆ ಕೊಯ್ಯದೆ ಹಲವು ಸುತ್ತು ಹಗುರವಾಗಿ ಎಳೆದರೆ ಆಯಿತು. ಕೈವಾರದ ಮೊನೆ ಊರಿದ ತೂತೇ ಅಚ್ಚಿನ ತೂತು.

ಟೈರಿನ ದುಂಡಗಿನ ಅಂಚು ಬರುವುದು ತಿರುಗಿಸಿ ಉಜ್ಜುವುದರಿಂದ. ಬಿಲ್ಲೆಯ ತೂತಿಗೆ ತಂತಿ ತೂರಿಸಿ, ಎರಡೂ ಕಡೆ ಗಟ್ಟಿ ಕಾಗದದ ಸಣ್ಣ ಬಿಲ್ಲೆ ಅಂಟಿಸಿ, ಪುಟ್ಟ ಡ್ರಿಲ್ ಇಲ್ಲವೇ ಆಟಿಕೆಯ ಮೋಟಾರಿಗೆ ಸಿಕ್ಕಿಸಿ ತಿರುಗಿಸಬೇಕು. ನಯವಾದ ಸ್ಯಾಂಡ್‌ಪೇಪರನ್ನು ಬೆರಳಿನಿಂದ ಒತ್ತದೆ, ಚಪ್ಪಟೆ ಕಡ್ಡಿಗೆ ಅಂಟಿಸಿ ಮುಟ್ಟಿಸಿದರೆ ಸಾಕು. ಹೆಚ್ಚು ಹೊತ್ತು ಒಂದೇ ಕಡೆ ಹಿಡಿದರೆ ಬಿಸಿಗೆ ಫೋಮ್ ಕರಗಿ ಗಂಟುಕಟ್ಟುತ್ತದೆ. ಮುಟ್ಟಿಸಿ, ತೆಗೆದು, ನೋಡಿ, ಮತ್ತೆ ಮುಟ್ಟಿಸಬೇಕು. ಈ ಹಂತದಲ್ಲಿ ತಾಳ್ಮೆ ಇದ್ದವರ ಚಕ್ರ ಅಂಗಡಿಯ ಚಕ್ರಕ್ಕಿಂತ ಚೆಂದವಾಗುತ್ತದೆ, ಇದರಲ್ಲಿ ನನಗೆ ಸಂಶಯವಿಲ್ಲ.

ಅಂಟು ಮತ್ತು ಬಣ್ಣದ ವಿಷಯದಲ್ಲಿ ಎಚ್ಚರ ಬೇಕು. ಪೆಟ್ರೋಲ್, ಥಿನ್ನರ್ ಬೆರೆತ ಬಣ್ಣಗಳು, ಫೆವಿಕ್ವಿಕ್‌ನಂಥ ದಿಢೀರ್ ಅಂಟುಗಳು ಈ ಫೋಮನ್ನು ತಿಂದುಹಾಕುತ್ತವೆ. ನೀರಿನಲ್ಲಿ ಕದಡಿದ ಫೆವಿಕಾಲ್ ಮತ್ತು ನೀರಿನ ಅಕ್ರಿಲಿಕ್ ಬಣ್ಣ ಸುರಕ್ಷಿತ.

ಬಾಲ್ಸಾ ಮತ್ತು ಬೆಂಡು

ಬಾಲ್ಸಾ ಚಕ್ರ ಹಳೆಯ ಕ್ರಮ. ಈಕ್ವೆಡಾರಿನಿಂದ ಹೆಚ್ಚಾಗಿ ಬರುವ ಈ ಮರದಲ್ಲಿ ಒಳಾಂಗಣದವರು ಆರಿಸಿಕೊಳ್ಳುವುದು ಘನ ಸೆಂಟಿಮೀಟರಿಗೆ 0.06ರಿಂದ 0.1 ಗ್ರಾಂ ತೂಗುವ ಹಾಳೆಗಳನ್ನು. ಒಂದೇ ದಪ್ಪ ಹಾಳೆಯಿಂದ ಬಿಲ್ಲೆ ಕೊಯ್ದರೆ ಎಳೆಯ ಜಾಡಿನಲ್ಲಿ ಸೀಳುತ್ತದೆ, ಉಜ್ಜುವಾಗ ಎರಡು ಕಡೆ ಹೆಚ್ಚು ಸವೆದು ಮೊಟ್ಟೆಯಾಕಾರ ತಾಳುತ್ತದೆ. ಒಂದು ಮಿಲಿಮೀಟರಿನ ಮೂರು ಹಾಳೆಗಳನ್ನು ಎಳೆ ಅಡ್ಡಡ್ಡ ಬರುವಂತೆ ಅಂಟಿಸಿದರೆ ಎರಡೂ ತೊಂದರೆ ತಪ್ಪುತ್ತವೆ. ಅಂಟು ತೆಳುವಾಗಿರಲಿ. ನಡುವಿನ ಹಾಳೆಯನ್ನು ಬಳೆಯ ಹಾಗೆ ಪೊಳ್ಳಾಗಿ ಕೊಯ್ದುಕೊಂಡರೆ ತೂಕ ಇನ್ನಷ್ಟು ಇಳಿಯುತ್ತದೆ, ಹೊರಗೆ ಏನೂ ಗೊತ್ತಾಗುವುದಿಲ್ಲ.

ನಮ್ಮಲ್ಲಿ ಬಾಲ್ಸಾ ಎಲ್ಲ ಊರಿನಲ್ಲಿ ಸಿಗುವುದಿಲ್ಲ. ಮದುವೆಯ ಬಾಸಿಂಗ ಮಾಡುವ ಬೆಂಡು ಇದಕ್ಕೆ ಒದಗಬಲ್ಲ ವಸ್ತು ಎಂದು ನನ್ನ ಬಲವಾದ ಅನಿಸಿಕೆ. ಕೆರೆ, ಜೌಗಿನಲ್ಲಿ ಬೆಳೆಯುವ ಗಿಡದ ಈ ತಿರುಳು ಹಗುರತನದಲ್ಲಿ ಬಾಲ್ಸಾಗೆ ಏನೂ ಕಡಿಮೆಯಿಲ್ಲ. ದುಂಡನೆಯ ಕಾಂಡವನ್ನು ಹರಿತ ಕತ್ತಿಯಿಂದ ಅಡ್ಡ ಕೊಯ್ದರೆ ಬಿಲ್ಲೆ ತಾನಾಗಿಯೇ ಬರುತ್ತದೆ. ಥರ್ಮೋಕೋಲ್ ಹಾಗೆ ಥಿನ್ನರಿಗೆ ಕರಗುವುದಿಲ್ಲ. ನೀರನ್ನು ಮಾತ್ರ ಹೀರಿಕೊಳ್ಳುತ್ತದೆ, ಹಾಗಾಗಿ ನೀರಿನ ಬಣ್ಣ ಬೇಡ, ಕಪ್ಪು ಕಾಗದ ಸುತ್ತುವುದು ಮೇಲು.

ಬಟ್ಟೆ ಹೊದ್ದ ಚಕ್ರಕ್ಕೆ ಕಾಗದದ ಶಂಕು

ಮೊದಲ ಮಹಾಯುದ್ಧದ ಹೆಚ್ಚಿನ ವಿಮಾನಗಳು ಕಡ್ಡಿಚಕ್ರದ ಎರಡೂ ಬದಿಗೆ ಬಟ್ಟೆ ಹೊದಿಸುತ್ತಿದ್ದವು. ಗಾಳಿಯ ತಡೆ ಕಡಿಮೆಯಾಗಲಿ, ಕೆಸರು ಮೆತ್ತದಿರಲಿ ಎಂದು. ಹಬ್ ಚಕ್ರಕ್ಕಿಂತ ಅಗಲವಾಗಿದ್ದುದರಿಂದ ಬಟ್ಟೆ ಚಪ್ಪಟೆಯಾಗಿರದೆ ಶಂಕುವಿನಂತೆ ಉಬ್ಬಿ ಕಾಣುತ್ತಿತ್ತು. ಮಾದರಿ ಕಟ್ಟುವವನಿಗೆ ಇದು ವರ. ಟೈರಿಗೆ ಬರೀ ಬಳೆಯೊಂದು ಸಾಕು, ಒಳಗೆಲ್ಲ ಪೊಳ್ಳು, ಎರಡು ಕಡೆ ಕಾಗದದ ಶಂಕು.

ಕಾಗದದ ಬಿಲ್ಲೆಗೆ ಅಂಚಿನಿಂದ ನಡುವಿನವರೆಗೆ ಒಂದು ಕೊಯ್ತ ಕೊಟ್ಟು ತುದಿಗಳನ್ನು ಒಂದರ ಮೇಲೊಂದು ತಂದು ಅಂಟಿಸಿದರೆ ಶಂಕು ಸಿದ್ಧ. ಎಷ್ಟು ಮೇಲೆ ತರಬೇಕು ಎಂಬಲ್ಲಿ ಎಲ್ಲರೂ ಎಡವುವುದು. 27 ಮಿಲಿಮೀಟರ್ ಚಕ್ರದ ನಡುಭಾಗ 2 ಮಿಲಿಮೀಟರ್ ಉಬ್ಬಬೇಕಾದರೆ 13.65 ಮಿಲಿಮೀಟರ್ ತ್ರಿಜ್ಯದ ಬಿಲ್ಲೆ ಕೊಯ್ದು, ಬರೀ 4 ಡಿಗ್ರಿಯಷ್ಟು ಮೇಲೇರಿಸಬೇಕು. ಅಂಚಿನಲ್ಲಿ ಅಳೆದರೆ ಅದು ಒಂದು ಮಿಲಿಮೀಟರಿಗೂ ಸ್ವಲ್ಪ ಕಡಿಮೆ. ಕಣ್ಣಂದಾಜಿನಲ್ಲಿ ಮಾಡಿದರೆ ಶಂಕು ಟೋಪಿಯಾಗಿಬಿಡುತ್ತದೆ. ಪ್ರಿಂಟರಿನಲ್ಲಿ ವಿಮಾನದ ಬಣ್ಣವನ್ನೇ ಕಾಗದಕ್ಕೆ ಒತ್ತಿಕೊಂಡರೆ ಮೇಲೆ ಬಣ್ಣ ಬಳಿಯುವ ತೂಕವೂ ಉಳಿಯಿತು.

ದಾರದ ಕಡ್ಡಿಗಳು

ಲೂಯಿ ಬ್ಲೆರಿಯೊ 1909ರ ಜುಲೈ 25ರಂದು ಇಂಗ್ಲಿಷ್ ಕಡಲ್ಗಾಲುವೆ ದಾಟಿದ ವಿಮಾನದ ಚಕ್ರಗಳಿಗೆ ಹೊದಿಕೆಯಿರಲಿಲ್ಲ, ಒಂದೊಂದು ಕಡ್ಡಿಯೂ ಕಾಣುತ್ತಿತ್ತು. ಅದನ್ನು ಕಟ್ಟಬೇಕೆನ್ನುವವರು ಕಡ್ಡಿಚಕ್ರ ಕಲಿಯಲೇಬೇಕು. ಈ ಕಸುಬಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಕೆಲಸ ಇದು.

ಮೊದಲು ರಿಮ್ಮು. ಬೇಕಾದ ವ್ಯಾಸದ ದುಂಡು ಅಚ್ಚಿಗೆ, ಔಷಧದ ಬಾಟಲಿಯ ಮುಚ್ಚಳವಾದರೂ ಸರಿ, ಮೇಣ ಸವರಬೇಕು. ತೆಳು ಬಾಲ್ಸಾ ಅಥವಾ ಬಿದಿರಿನ ಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ, ಎರಡು ಸುತ್ತು ಸುತ್ತಿ, ಸುತ್ತುಗಳ ನಡುವೆ ಫೆವಿಕಾಲ್ ಹಚ್ಚಿ ಕಟ್ಟಿಡಬೇಕು. ಚೆನ್ನಾಗಿ ಒಣಗಿದ ಮೇಲೆಯೇ ತೆಗೆಯಬೇಕು. 25 ಮಿಲಿಮೀಟರ್ ವ್ಯಾಸದ, ಒಂದೂವರೆ ಮಿಲಿಮೀಟರ್ ಚೌಕದ ಬಾಲ್ಸಾ ರಿಮ್ಮು 0.02 ಗ್ರಾಂ ಕೂಡ ತೂಗುವುದಿಲ್ಲ. ದಾರ, ಹಬ್, ಅಂಟು ಸೇರಿ ಅದು ದುಪ್ಪಟ್ಟಾಗಬಹುದು, ಆದರೂ ಹಗುರವೇ.

ಹಬ್‌ಗೆ ತೆಳು ಕಾಗದವನ್ನು ಸೂಜಿಯ ಮೇಲೆ ಸುತ್ತಿ ಅಂಟಿಸಿದ ನಾಲ್ಕು ಮಿಲಿಮೀಟರ್ ಉದ್ದದ ಕೊಳವೆ. ರಿಮ್ಮನ್ನು ಹಲಗೆಯ ಮೇಲೆ ಗುಂಡುಸೂಜಿಗಳ ನಡುವೆ ಕೂರಿಸಿ, ನಡುವೆ ಊರಿದ ನೆಟ್ಟಗಿನ ಸೂಜಿಗೆ ಹಬ್ ತೊಡಿಸಬೇಕು. ಹಬ್‌ನ ಅರ್ಧ ರಿಮ್ಮಿನ ಮೇಲೆ, ಅರ್ಧ ಕೆಳಗೆ ಬರಲು ರಿಮ್ಮಿನಡಿ ತುಸು ಎತ್ತರ ಕೊಡಬೇಕು. ಆಮೇಲೆ ದಾರ. ಹೊಲಿಗೆ ದಾರದ ನವಿರನ್ನು ಮೇಣದಲ್ಲಿ ಎಳೆದು ಕೂರಿಸಿಕೊಳ್ಳದಿದ್ದರೆ ಚಕ್ರ ಕೂದಲು ಬೆಳೆದಂತೆ ಕಾಣುತ್ತದೆ. ಒಂದು ಕಡ್ಡಿ ಹಬ್‌ನ ಮೇಲ್ತುದಿಗೆ, ಮುಂದಿನದು ಕೆಳತುದಿಗೆ, ಹೀಗೆ ಸರದಿಯಲ್ಲಿ. ಈ ಎರಡು ಪಾತಳಿಯ ಎಳೆತವೇ ಚಕ್ರ ಪಕ್ಕಕ್ಕೆ ಬಾಗದಂತೆ ಹಿಡಿಯುವುದು.

ಸುತ್ತುವ ಕ್ರಮ ಮುಖ್ಯ. ಪಕ್ಕಪಕ್ಕದ ಕಡ್ಡಿಗಳನ್ನು ಸಾಲಾಗಿ ಎಳೆದುಕೊಂಡು ಹೋದರೆ ಹಬ್ ಒಂದು ಬದಿಗೆ ಸರಿಯುತ್ತದೆ. ಗಡಿಯಾರದ ಹನ್ನೆರಡರಲ್ಲಿ ಒಂದು, ಆರರಲ್ಲಿ ಒಂದು, ಮೂರರಲ್ಲಿ, ಒಂಬತ್ತರಲ್ಲಿ, ಆಮೇಲೆ ನಡುವಿನವು. ಬಿಗಿ ಎಷ್ಟಿರಬೇಕೆಂದರೆ ದಾರ ನೇರ ನಿಂತರೆ ಸಾಕು. ಇನ್ನೂ ಎಳೆದರೆ ಬಾಲ್ಸಾ ರಿಮ್ಮು ಸೊಟ್ಟಗಾಗುತ್ತದೆ, ಒಮ್ಮೆ ಸೊಟ್ಟಗಾದದ್ದು ಸರಿಹೋಗುವುದಿಲ್ಲ. ಮೂಲ ವಿಮಾನದಲ್ಲಿ ಎಷ್ಟು ಕಡ್ಡಿಗಳಿದ್ದವೋ ಅಷ್ಟನ್ನೂ ಹಾಕುವ ಹಟ ಬೇಡ. ಇಷ್ಟು ಚಿಕ್ಕ ಚಕ್ರದಲ್ಲಿ ದಾರದ ದಪ್ಪವೇ ಅಳತೆ ಮೀರುವುದರಿಂದ, ಅರ್ಧದಷ್ಟು ಹಾಕಿದ ಚಕ್ರ ಕಣ್ಣಿಗೆ ಹೆಚ್ಚು ನಿಜವೆನಿಸುತ್ತದೆ.

ಅಚ್ಚು ಮತ್ತು ಬೇರಿಂಗ್

ಅಚ್ಚಿಗೆ ಬೇರೆ ತಂತಿ ಬೇಡ, ಕಾಲಿನ ತಂತಿಯ ತುದಿಯನ್ನೇ ಅಡ್ಡಕ್ಕೆ ಬಗ್ಗಿಸುತ್ತಾರೆ. ಸಂಗೀತ ವಾದ್ಯದ ಅಂಗಡಿಯಲ್ಲಿ ಸಿಗುವ ಗಿಟಾರಿನ ಸಾದಾ ಉಕ್ಕಿನ ತಂತಿಗಳು 0.25ರಿಂದ 0.4 ಮಿಲಿಮೀಟರ್ ದಪ್ಪದವು, ಇದಕ್ಕೆ ಚೆನ್ನಾಗಿ ಹೊಂದುತ್ತವೆ. ಫೋಮ್ ಅಥವಾ ಬಾಲ್ಸಾವನ್ನು ನೇರ ತಂತಿಯ ಮೇಲೆ ತಿರುಗಿಸಿದರೆ ತೂತು ಬೇಗ ಅಗಲವಾಗಿ ಚಕ್ರ ಓಲಾಡುತ್ತದೆ. ಹಾಳಾದ ಚಾರ್ಜರ್ ವೈರನ್ನು ಬಿಡಿಸಿದರೆ ಒಳಗೆ ಸಿಗುವ ಸಣ್ಣ ವೈರಿನ ಪ್ಲಾಸ್ಟಿಕ್ ಸಿಪ್ಪೆ ಅತಿ ಹಗುರ ಬೇರಿಂಗ್ ಆಗುತ್ತದೆ. ಅದೇ ಸಿಪ್ಪೆಯ ಒಂದು ಮಿಲಿಮೀಟರ್ ತುಂಡನ್ನು ಅಚ್ಚಿನ ಹೊರತುದಿಗೆ ತೊಡಿಸಿದರೆ ಚಕ್ರ ಕಳಚುವುದಿಲ್ಲ. ಅದನ್ನು ನಿಲ್ಲಿಸಲು ಅಂಟು ಹಾಕುವ ಮುನ್ನ ಬೇರಿಂಗಿನ ಬಾಯಿಗೆ ಸೂಜಿಮೊನೆಯಷ್ಟು ವ್ಯಾಸಲಿನ್ ಸವರಬೇಕು. ತೆಳು ಅಂಟು ತಂತಿಯ ಗುಂಟ ಒಳಗೆ ಹರಿದು ಚಕ್ರವನ್ನೇ ಕಚ್ಚಿಹಿಡಿಯುವುದು ಹೀಗೆ ತಪ್ಪುತ್ತದೆ.

ಕೈಯಿಂದ ಹಾರಿಸುವುದಾದರೆ ಚಕ್ರ ತಿರುಗದಿದ್ದರೂ ನಡೆದೀತು. ನೆಲದಿಂದ ಓಡಿ ಏರಬೇಕಾದರೆ ಮಾತ್ರ ಎರಡೂ ಚಕ್ರ ಸರಾಗ ತಿರುಗಬೇಕು, ಒಂದಕ್ಕೊಂದು ಸಮಾನಾಂತರವಾಗಿರಬೇಕು. ಪುಸ್ತಕವೊಂದನ್ನು ತುಸು ಓರೆಯಾಗಿಟ್ಟು ಅದರ ಮೇಲೆ ವಿಮಾನವನ್ನು ಉರುಳಲು ಬಿಟ್ಟರೆ ಯಾವ ಕಡೆಗೆ ಎಳೆಯುತ್ತದೆಂಬುದು ತಿಳಿಯುತ್ತದೆ.

ಬಣ್ಣದ ತೂಕ

ಕುಂಚದಿಂದ ಎರಡು ಪದರ ಬಣ್ಣ ಬಳಿದರೆ ಫೋಮ್ ಚಕ್ರದ ತೂಕ ಸುಲಭವಾಗಿ ದುಪ್ಪಟ್ಟಾಗುತ್ತದೆ. ಟೈರಿಗೆ ಕಪ್ಪು ಟಿಶ್ಯೂ ಕಾಗದದ ಪಟ್ಟಿ ಅಂಟಿಸುವುದು ಅಥವಾ ಮಾರ್ಕರ್ ಪೆನ್ನಿನಿಂದ ಎಳೆಯುವುದು ಹಗುರ ದಾರಿ. ಪೆನ್ನಿನ ಶಾಯಿ ಫೋಮಿಗೆ ಹಿಡಿಸುತ್ತದೆಯೇ ಎಂದು ಚೂರೊಂದರ ಮೇಲೆ ನೋಡಿಕೊಂಡು ಮುಂದುವರಿಯಬೇಕು. ಕಡುಗಪ್ಪು ಬೇಡ, ಬೂದು ಬೆರೆತ ಕಪ್ಪೇ ರಬ್ಬರಿನಂತೆ ಕಾಣುವುದು.

ಬಾಲದ ಚಕ್ರ

ಮುಂದಿನ ಚಕ್ರಗಳು ಗುರುತ್ವ ಕೇಂದ್ರಕ್ಕಿಂತ ತುಸು ಮುಂದಿರುತ್ತವೆ, ಅವುಗಳ ತೂಕ ಮೂಗನ್ನು ತಗ್ಗಿಸಲು ಒಂದಿಷ್ಟಾದರೂ ನೆರವಾಗುತ್ತದೆ. ಬಾಲದ ಚಕ್ರದಿಂದ ಬರುವುದು ನಷ್ಟ ಮಾತ್ರ. ಅದು ಗುರುತ್ವ ಕೇಂದ್ರದಿಂದ 15 ಸೆಂಟಿಮೀಟರ್ ಹಿಂದಿದೆ, ಮೂಗಿನ ತುದಿ 5 ಸೆಂಟಿಮೀಟರ್ ಮುಂದಿದೆ ಎಂದುಕೊಳ್ಳಿ. ಬಾಲದಲ್ಲಿ 0.1 ಗ್ರಾಂ ಸೇರಿದರೆ ಸಮತೋಲಕ್ಕೆ ಮೂಗಿನಲ್ಲಿ 0.3 ಗ್ರಾಂ ಸೀಸವೋ ಜೇಡಿಮಣ್ಣೋ ಸೇರಬೇಕು, ಒಟ್ಟು 0.4 ಗ್ರಾಂ. ಕ್ಯಾಮೆಲ್‌ನಂಥ ಮೊಂಡುಮೂಗಿನ ವಿಮಾನಗಳಲ್ಲಿ ಈ ದಂಡ ಇನ್ನೂ ಜಾಸ್ತಿ. ಅದೃಷ್ಟಕ್ಕೆ ಕ್ಯಾಮೆಲ್‌ಗೆ ಬಾಲದಲ್ಲಿ ಚಕ್ರವಿಲ್ಲ, ಮರದ ಊರುಗೋಲಿದೆ, ಅದಕ್ಕೆ ಬಿದಿರಿನ ಸೀಳು ಸಾಕು. ಬ್ಲೆರಿಯೊ ವಿಮಾನಕ್ಕೆ ಹಿಂದೆಯೂ ಕಡ್ಡಿಚಕ್ರವಿತ್ತು. ಅದನ್ನು ದಾರದಲ್ಲಿ ಹೆಣೆಯುವ ಬದಲು, ತೆಳು ಪಾರದರ್ಶಕ ಹಾಳೆಯ ಬಿಲ್ಲೆಯ ಮೇಲೆ ಕಡ್ಡಿಗಳನ್ನು ಸಣ್ಣ ಪೆನ್ನಿನಿಂದ ಗೀಚಿ, ಸುತ್ತ ಕಪ್ಪು ಕಾಗದದ ತೆಳು ಬಳೆ ಅಂಟಿಸಿದರೆ ಒಂದು ಮಾರು ದೂರದಿಂದ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.